ಮಾಸದ ಕೆಂಪು ಬೇಕಾ? ಹೆಸರು ಬಿಡಿ, ಕೋಡ್ ನೋಡಿ

ಬಿಸಿಲಲ್ಲಿ ತಿಂಗಳುಗಟ್ಟಲೆ ಇದ್ದ ಪೋಸ್ಟರ್ ನೋಡಿ, ಹೀರೋ ಮುಖ ನೀಲಿ ತಿರುಗಿರತ್ತೆ. ಪ್ರಿಂಟಿಂಗ್ ಇಂಕಿನ ಮೆಜೆಂಟಾಗೆ, ಅಂದ್ರೆ ಗುಲಾಬಿ ಕೆಂಪಿಗೆ, ಹೆಚ್ಚಾಗಿ ಹಾಕೋದು ಲಿಥಾಲ್ ರುಬೀನ್, 1903ರಿಂದ ಇರೋ ಅಗ್ಗದ ಪಿಗ್ಮೆಂಟು (ಬಣ್ಣ ಕೊಡೋ ಪುಡಿ), ಅದೂ ಹಳದಿಯೂ ಮೊದಲು ಹಾರಿಹೋಗತ್ತೆ, ತಾಮ್ರ ಇರೋ ಥಾಲೋ ನೀಲಿ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಹಾಗಾಗಿ ಬೋರ್ಡಿಗೋ ಪೇಂಟಿಂಗಿಗೋ ಕೆಂಪು ತಗೊಳೋ ಮುಂಚೆ ಸ್ವಲ್ಪ ನೋಡ್ಕೊಳ್ಳಿ.

ಮೊದಲು ಟ್ಯೂಬ್ ತಿರುಗಿಸಿ. ಮುಂದೆ ಬರೆದಿರೋ ಸ್ಕಾರ್ಲೆಟ್, ಕ್ರಿಮ್ಸನ್ ಎಲ್ಲ ಕಂಪನಿಯವರ ಇಷ್ಟ, ಹಿಂದೆ ಸಣ್ಣಕ್ಷರದಲ್ಲಿ ಪಿಆರ್ (ಪಿಗ್ಮೆಂಟ್ ರೆಡ್) ಅಥವಾ ಪಿವಿ (ಪಿಗ್ಮೆಂಟ್ ವಯೊಲೆಟ್) ಅಂತ ಒಂದು ನಂಬರ್ ಇರತ್ತಲ್ಲ, ಅದೇ ಅಸಲಿ ಜಾತಕ. ಪಿಆರ್ 57:1 ಅಂದ್ರೆ ಮೇಲೆ ಹೇಳಿದ ರುಬೀನ್, ಪಿಆರ್ 83 ಅಂದ್ರೆ ಅಲಿಜರಿನ್, ಎರಡೂ ಬಿಸಿಲಿಗೆ ಬೇಡ. ಪಿವಿ 19 ಮತ್ತು ಪಿಆರ್ 122 ಕ್ವಿನಾಕ್ರಿಡೋನ್, ಪಿಆರ್ 179 ಪೆರಿಲೀನ್, ಇವು ಕಾರ್ ಪೇಂಟಿಗೇ ಹೋಗೋ ಮಾಲು. ಪಿಆರ್ 254 ಕಂಡ್ರೆ ಕಣ್ಮುಚ್ಚಿ ತಗೊಳ್ಳಿ. 1974ರಲ್ಲಿ ಅಮೆರಿಕದ ಫಾರ್ನಮ್ ಅನ್ನೋ ಕೆಮಿಸ್ಟ್ ಬೇರೇನೋ ಮಾಡೋಕೆ ಹೋಗಿ ಈ ಜಾತಿಯ ಕೆಂಪು ಸಿಕ್ಕಿದ್ದು, ಆಮೇಲೆ ಸೀಬಾ-ಗೈಗಿ ಅನ್ನೋ ಸ್ವಿಸ್ ಕಂಪನಿ ಅದನ್ನ ಮಾರ್ಕೆಟ್ಟಿಗೆ ತಂತು, ಈಗ ಫೆರಾರಿ ರೆಡ್ ಅಂತಾನೇ ಕರೀತಾರೆ. ರೇಟು ಜಾಸ್ತಿ, ಅದಂತೂ ನಿಜ.

ಎನಾಮೆಲ್ ಡಬ್ಬಿಗಳ ಮೇಲೆ ಕೋಡ್ ಸಿಗೋದು ಕಷ್ಟ, ಅಲ್ಲಿ ಟೆಸ್ಟ್ ಮಾಡೋದೇ ದಾರಿ. ದಪ್ಪ ಕಾರ್ಡಿನ ಮೇಲೆ ಒಂದು ಪಟ್ಟಿ ಅಚ್ಚ ಕೆಂಪು, ಪಕ್ಕದಲ್ಲಿ ಬಿಳಿ ಬೆರೆಸಿದ ತಿಳಿ ಕೆಂಪು ಬಳಿದು, ಒಣಗಿದ ಮೇಲೆ ಎರಡರ ಅರ್ಧಕ್ಕೂ ಅಡುಗೆಮನೆ ಫಾಯಿಲ್ ಸುತ್ತಿ ಟೆರೇಸಲ್ಲಿ ಮಳೆ ಬೀಳದ ಜಾಗದಲ್ಲಿ ಒಂದೆರಡು ತಿಂಗಳು ಬಿಡಿ, ಆಮೇಲೆ ಫಾಯಿಲ್ ಬಿಚ್ಚಿ ಮುಚ್ಚಿದ್ದ ಅರ್ಧಕ್ಕೂ ಬಿಸಿಲು ಕಂಡ ಅರ್ಧಕ್ಕೂ ಹೋಲಿಸಿ. ತಿಳಿ ಪಟ್ಟಿನೇ ಮುಖ್ಯ, ಯಾಕಂದ್ರೆ ಟೊಲುಯಿಡೀನ್ ರೆಡ್ ಅಂದ್ರೆ ಪಿಆರ್ 3 ದಪ್ಪಗಿದ್ದಾಗ ತಕ್ಕಮಟ್ಟಿಗೆ ನಿಲ್ಲತ್ತೆ, ಬಿಳಿ ಸೇರಿಸಿದ್ರೆ ಬೇಗ ಕೈಕೊಡತ್ತೆ. ಇದೆಲ್ಲ ಅತಿಯಾಯ್ತು ಅನ್ಸಿದ್ರೆ ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೋ ಕಥೆ ಕೇಳಿ, 1960ರ ದಶಕದಲ್ಲಿ ಹಾರ್ವರ್ಡ್‌ನ ಒಂದು ಡೈನಿಂಗ್ ರೂಮಿಗೆ ಮಾಡಿದ ದೊಡ್ಡ ಚಿತ್ರಗಳಲ್ಲಿ ಲಿಥಾಲ್ ರೆಡ್ (ರುಬೀನಿನ ನೆಂಟ, ಅದೇ ಅಲ್ಲ) ಹಾಕಿದ್ರು, ಕಿಟಕಿ ಬೆಳಕಿಗೇ ಅದು ಎಷ್ಟು ಮಾಸ್ತು ಅಂದ್ರೆ 1979ರ ಹೊತ್ತಿಗೆ ಅವನ್ನ ಅಲ್ಲಿಂದ ತೆಗೆದೇಬಿಟ್ರು.

ಇನ್ನೊಂದು ಟೆಸ್ಟ್ ಬೋರ್ಡ್ ಬರೆಯೋರಿಗೆ. ಕೆಂಪು ಚೆನ್ನಾಗಿ ಒಣಗಿದ ಮೇಲೆ ಬಿಳಿ ಎನಾಮೆಲಲ್ಲಿ ಒಂದಕ್ಷರ ಬರೆದು ಮಾರನೇ ದಿನ ನೋಡಿ, ಗುಲಾಬಿ ಆಗಿದ್ರೆ ಕೆಂಪು ಥಿನ್ನರಲ್ಲಿ ಕರಗಿ ಮೇಲೆ ಬಂದಿದೆ ಅಂತ ಅರ್ಥ. ಪಿಆರ್ 3ಗೆ ಈ ಚಾಳಿ ಇದೆ. ಕ್ವಿನಾಕ್ರಿಡೋನ್, 254 ಎರಡರಲ್ಲೂ ಅಣುಗಳು ಹೈಡ್ರೋಜನ್ ಬಾಂಡಿಂದ ಒಂದನ್ನೊಂದು ಗಟ್ಟಿ ಹಿಡ್ಕೊಂಡಿರ್ತವೆ, ಅದಕ್ಕೇ ಸುಲಭಕ್ಕೆ ಕರಗಲ್ಲ.

ಕೊನೇದಾಗಿ, ಕ್ವಿನಾಕ್ರಿಡೋನ್ ಸ್ವಲ್ಪ ಪಾರದರ್ಶಕ, ಕೆಳಗಿರೋದೆಲ್ಲ ಕಾಣತ್ತೆ, ಮೊದಲು ತಿಳಿ ಗುಲಾಬಿ ಬೇಸ್ ಕೋಟ್ ಕೊಟ್ಟು ಮೇಲೆ ಎರಡು ಕೈ ಹೊಡೀರಿ. ಗೇಟಿಗೆ ಹಚ್ಚೋ ರೆಡ್ ಆಕ್ಸೈಡ್ ಮೇಲೆ ಹೇಳಿದ ಪಿಗ್ಮೆಂಟುಗಳ ಜಾತಿಗೆ ಸೇರಲ್ಲ, ಅದು ಕಬ್ಬಿಣದ್ದು.