ಅತ್ತೆಯ ಭರಣಿಗೆ ಹೈಡ್ರೋಮೀಟರ್ ಇಳಿಸಿದ್ದು

ಬಾಟಲಿ ಸಿಡಿದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಮ್ಮ ಮನೆಯಲ್ಲಲ್ಲ, ನಾದಿನಿಯ ಮನೆಯಲ್ಲಿ. ಅವಳ ಹೊಸ ಮನೆಯ ಒಕ್ಕಲಿಗೆಂದು ಹನ್ನೆರಡು ಬಾಟಲಿ ಪ್ಯಾಶನ್ ಫ್ರೂಟ್ ವೈನ್ ಕೊಟ್ಟು ಬಂದಿದ್ದೆ. ಉಳಿದದ್ದನ್ನು ಅವಳು ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಳು. ಒಂದರ ಹಿಂದೆ ಒಂದು ಮೂರು ಹೋದವು. ಫೋನ್ ಎತ್ತಿದರೆ ಅವಳ ಮೊದಲ ಮಾತು: "ಅತ್ತಿಗೆ, ನೀವು ಕೊಟ್ಟದ್ದು ವೈನಾ, ಗರ್ನಾಲಾ?"

ಯಾರಿಗೂ ಗಾಜು ತಾಗಲಿಲ್ಲ, ಅದೊಂದು ಪುಣ್ಯ. ಉಳಿದ ಬಾಟಲಿಗಳನ್ನು ಗೋಣಿತಾಟು ಸುತ್ತಿ ಅಂಗಳಕ್ಕೆ ತಂದು, ಮುಚ್ಚಳ ಸಡಿಲಿಸಿ, ಎಲ್ಲವನ್ನೂ ಕಾಫಿ ಗಿಡದ ಬುಡಕ್ಕೆ ಚೆಲ್ಲಲು ಹೇಳಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತೆ ನಲವತ್ತು ವರ್ಷದಿಂದ ವೈನ್ ಮಾಡುತ್ತಿದ್ದಾರೆ, ಒಂದೇ ಒಂದು ಬಾಟಲಿ ಒಡೆದದ್ದಿಲ್ಲ. ಅವರ ಭರಣಿ, ಅವರ ಅಳತೆ, ಅವರದೇ ಇಪ್ಪತ್ತೊಂದು ದಿನ. ನಾನು ಬದಲಿಸಿದ್ದು ಒಂದೇ, ಸಕ್ಕರೆ ಕಡಿಮೆ ಹಾಕಿದ್ದೆ.

ನಮ್ಮದು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಿಂದ ಒಳಗೆ ಇರುವ ಊರು. ಸ್ವಲ್ಪ ಕಾಫಿ, ನಡುವೆ ಕರಿಮೆಣಸು, ಒಂದು ತುಂಡು ಗದ್ದೆ. ಮನೆಮಾತು ಅರೆಭಾಷೆ. ಮನೆಯವರ ಮಾತುಗಳನ್ನು ಎಲ್ಲರಿಗೂ ತಿಳಿಯಲಿ ಎಂದು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ಅಟ್ಟದಿಂದ ಭರಣಿಗಳನ್ನು ಇಳಿಸಿ ತೋರಿಸಿದ್ದರು. ನೆಲ್ಲಿಕಾಯಿಗೆ ಒಂದು, ಶುಂಠಿಗೆ ಒಂದು, ವೀಳ್ಯದೆಲೆಗೆ ಒಂದು, ದ್ರಾಕ್ಷಿಗೆ ದೊಡ್ಡದೊಂದು. ಲೆಕ್ಕ ಬಾಯಿಪಾಠ: ಹಣ್ಣಿಗೆ ಸರಿಸಮ ಸಕ್ಕರೆ, ಒಂದು ಹಿಡಿ ಗೋಧಿ, ಒಂದು ಹಿಡಿ ಒಣದ್ರಾಕ್ಷಿ, ಕುದಿಸಿ ಆರಿಸಿದ ನೀರು, ಒಂದು ಚಮಚ ಬೇಕರಿ ಯೀಸ್ಟ್. ದಿನಕ್ಕೊಮ್ಮೆ ಮರದ ಸೌಟಿನಿಂದ ಕೆದಕಬೇಕು. ಇಪ್ಪತ್ತೊಂದನೇ ದಿನ ಸೋಸಿ ಬಾಟಲಿಗೆ ತುಂಬಬೇಕು. ಕೊಡಗಿನ ಎಷ್ಟೋ ಮನೆಗಳಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ.

ಅತ್ತೆಯ ಬಾಟಲಿ ಯಾಕೆ ಒಡೆಯಲಿಲ್ಲ, ನನ್ನದು ಯಾಕೆ ಒಡೆಯಿತು ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಆದರೆ ಆಲ್ಕೋಹಾಲ್ ಒಂದು ಮಟ್ಟ ದಾಟಿದರೆ ಅದೇ ಯೀಸ್ಟಿಗೆ ವಿಷ. ಅತ್ತೆ ಹಾಕುವಷ್ಟು ಸಕ್ಕರೆಯನ್ನು ಯಾವ ಯೀಸ್ಟೂ ತಿಂದು ಮುಗಿಸಲಾರದು. ಅರ್ಧ ದಾರಿಯಲ್ಲೇ ಸೋತು ತಳಕ್ಕೆ ಕೂರುತ್ತದೆ, ಮಿಕ್ಕ ಸಕ್ಕರೆ ಹಾಗೇ ಉಳಿಯುತ್ತದೆ. ಅದಕ್ಕೇ ಆ ವೈನ್ ಸಿಹಿ, ಅದಕ್ಕೇ ಅಲುಗಾಡದೆ ಕೂರುತ್ತದೆ. ನಾನು "ಆರೋಗ್ಯಕ್ಕೆ ಒಳ್ಳೇದು" ಎಂದು ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದೆ, ಯೀಸ್ಟಿಗೆ ತಿಂದು ಮುಗಿಸಬಹುದಾದಷ್ಟಕ್ಕೆ. ಆದರೆ ಡಿಸೆಂಬರಿನ ಚಳಿಗೆ ಅದು ಮುದುಡಿ ಕೂತಿತ್ತು. ಗುಳ್ಳೆ ನಿಂತದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಂಡು ಇಪ್ಪತ್ತೊಂದನೇ ದಿನ ಬಿಗಿಯಾಗಿ ಮುಚ್ಚಳ ಹಾಕಿದೆ. ಏಪ್ರಿಲಿನ ಸೆಕೆಗೆ ಅದು ಎದ್ದು ಉಳಿದ ಊಟಕ್ಕೆ ಕೂತಿತು. ಅರೆಜ್ಞಾನ ಅಂದರೆ ಇದೇ.

ಇದನ್ನು ನನಗೆ ಬಿಡಿಸಿ ಹೇಳಿದವರು ದೊಡ್ಡಬಳ್ಳಾಪುರದ ಕಡೆ ಒಂದು ಚಿಕ್ಕ ವೈನರಿ ನಡೆಸುವ ದಂಪತಿ. ನನ್ನ ಯಜಮಾನರ ಸ್ನೇಹಿತರ ಪರಿಚಯ. ವೈನರಿ ಅಂದರೆ ನನ್ನ ತಲೆಯಲ್ಲಿ ಮರದ ಪೀಪಾಯಿ, ಮಬ್ಬು ಬೆಳಕು ಇತ್ತು. ಅಲ್ಲಿ ಇದ್ದದ್ದು ಹಾಲಿನ ಡೇರಿಯಂಥ ಶೆಡ್ಡು, ನಾಲ್ಕು ಸ್ಟೀಲ್ ಟ್ಯಾಂಕು, ಒದ್ದೆ ನೆಲ. ಗಂಡ ಪೈಪ್ ಹಿಡಿದು ಟ್ಯಾಂಕ್ ತೊಳೆಯುತ್ತಿದ್ದರು, ಹೆಂಡತಿ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು, ಕಾಲೇಜಿಗೆ ಹೋಗುವ ಮಗ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ. "ದಿನದಲ್ಲಿ ಮುಕ್ಕಾಲು ಪಾಲು ತೊಳೆಯೋದೇ ಆಯ್ತು, ಮಿಕ್ಕ ಕಾಲು ಪಾಲು ಅಬಕಾರಿಯವರಿಗೆ ಲೆಕ್ಕ ಬರೆಯೋದು" ಎಂದು ಆಕೆ ನಕ್ಕರು. ನಾನು ಒಯ್ದಿದ್ದ ಅತ್ತೆಯ ದ್ರಾಕ್ಷಿ ವೈನನ್ನು ಆತ ಲೋಟದಲ್ಲಿ ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ತಪ್ಪು ತಿಳೀಬೇಡಿ ಮೇಡಂ, ಇದು ಪಾನಕ. ಇಷ್ಟು ಸಿಹಿ ಇದ್ರೆ ವೈನ್ ಒಳ್ಳೇದಾ ಕೆಟ್ಟದ್ದಾ ಅಂತ ನನಗೇ ಗೊತ್ತಾಗಲ್ಲ. ಸಿಹಿ ಇಲ್ದೆ ಒಂದ್ಸಲ ಮಾಡಿ ತನ್ನಿ, ಆಗ ಮಾತಾಡೋಣ" ಎಂದರು.

ಮುಖ ಬಿಸಿಯಾಯಿತು. ಅತ್ತೆಯ ವೈನಿಗೆ ಪಾನಕ ಅನ್ನುವುದೇ? ಆದರೆ ವಾಪಸು ಬರುವಾಗ ಕುಶಾಲನಗರ ದಾಟಿ ಘಟ್ಟ ಹತ್ತುವಷ್ಟರಲ್ಲಿ ಅವರ ಮಾತು ನಿಜ ಅನ್ನಿಸತೊಡಗಿತ್ತು. ಮಡಿಕೇರಿಯ ಸಂಬಾರ ಪದಾರ್ಥದ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಕೊಡುವ "ಹೋಂ ಮೇಡ್ ವೈನ್" ಕುಡಿದು ನೋಡಿ. ಶುಂಠಿ, ನೆಲ್ಲಿ, ವೀಳ್ಯದೆಲೆ, ಕಾಂತಾರಿ ಮೆಣಸು, ಹೆಸರು ಹತ್ತಾರು. ಕಣ್ಣು ಮುಚ್ಚಿ ಕುಡಿದರೆ ಮುಕ್ಕಾಲು ಪಾಲು ಒಂದೇ ರುಚಿ, ಸಕ್ಕರೆಯದು.

ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಕೋಲು, ಆನ್‌ಲೈನಿನಲ್ಲಿ ತರಿಸಿದೆ. ಅತ್ತೆ ಪೆಟ್ಟಿಗೆಯಿಂದ ಎತ್ತಿ ನೋಡಿ, "ಇದು ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಡೇರಿಯವನು ನೋಡುವ ಗಾಜಿನ ಕೋಲಲ್ವಾ?" ಎಂದರು. ಹೌದು, ಅದರ ತಮ್ಮನೇ. ನೀರಿನಲ್ಲಿ 1.000 ತೋರಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಕೋಲು ಮೇಲೆ ತೇಲುತ್ತದೆ, ಯೀಸ್ಟ್ ಸಕ್ಕರೆ ತಿಂದ ಹಾಗೆ ಕೆಳಗೆ ಇಳಿಯುತ್ತದೆ. ಪೂರ್ತಿ ತಿಂದು ಮುಗಿಸಿದ ವೈನ್ 1.000ಕ್ಕಿಂತ ಕೆಳಗೆ, ಸುಮಾರು 0.995ರ ಆಸುಪಾಸಿಗೆ ಬರುತ್ತದೆ, ಏಕೆಂದರೆ ಆಲ್ಕೋಹಾಲ್ ನೀರಿಗಿಂತ ಹಗುರ. ಮೊದಲು ಅತ್ತೆಯ ಹಳೆಯ ಭರಣಿಗೇ ಇಳಿಸಿದೆ. 1.050! ಲೀಟರಿಗೆ 150 ಗ್ರಾಮಿನ ಮೇಲೆ ಸಕ್ಕರೆ ಇನ್ನೂ ಉಳಿದಿತ್ತು. ಅಂಗಡಿಯ ಕೋಲಾದಲ್ಲೂ ಅಷ್ಟಿರುವುದಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಬೇರೆ ಮಾತು.

ಈಗ ನಾನು ಪ್ಯಾಶನ್ ಫ್ರೂಟ್ ವೈನ್ ಮಾಡುವುದು ಹೀಗೆ. ಹಣ್ಣು ಬೇಲಿಯ ಬಳ್ಳಿಯದು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಹೊರತಂದ 'ಕಾವೇರಿ' ತಳಿ. ಸಿಪ್ಪೆ ಸುಕ್ಕುಗಟ್ಟುವ ತನಕ ಬುಟ್ಟಿಯಲ್ಲಿ ಬಿಡುತ್ತೇನೆ, ಪರಿಮಳ ಕೂಡುವುದು ಆಗಲೇ. ಮೂರು ಕಿಲೋ ಹಣ್ಣಿಗೆ ಒಂದು ಲೀಟರ್ ರಸ ಸಿಕ್ಕರೆ ಹೆಚ್ಚು. ತಿರುಳನ್ನು ಮಲ್ ಬಟ್ಟೆಯಲ್ಲಿ ಕೈಯಿಂದ ಹಿಂಡಬೇಕು. ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಕಹಿ. ಒಂದು ಲೀಟರ್ ರಸಕ್ಕೆ ನೀರು ಸೇರಿಸಿ ಒಟ್ಟು ಐದು ಲೀಟರ್ ಮಾಡುತ್ತೇನೆ, ಬರೀ ರಸವಾದರೆ ಹುಳಿಗೆ ಹಲ್ಲು ಚುಳ್ ಅನ್ನುತ್ತದೆ. ಸಕ್ಕರೆ ಒಂದು ಕಿಲೋಗೆ ತುಸು ಕಡಿಮೆ, ಕೋಲು 1.085ಕ್ಕೆ ಬಂದು ನಿಲ್ಲುವ ತನಕ ಸ್ವಲ್ಪ ಸ್ವಲ್ಪವೇ. ಅರ್ಧ ಗ್ರಾಮಿಗೂ ಕಡಿಮೆ ಕೆಎಂಎಸ್ ಪುಡಿ ಹಾಕಿ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಸ್ಕ್ವಾಷ್ ಮಾಡುವವರಿಗೆ ಇದು ಗೊತ್ತಿರುತ್ತದೆ) ಒಂದು ಇಡೀ ದಿನ ಬಿಡುತ್ತೇನೆ, ಕಾಡು ಯೀಸ್ಟು, ಬ್ಯಾಕ್ಟೀರಿಯಾ ಅಡಗಲಿ ಎಂದು. ಮರುದಿನ ವೈನ್ ಯೀಸ್ಟ್. 5 ಗ್ರಾಮಿನ ಪೊಟ್ಟಣ ಇಪ್ಪತ್ತು ಲೀಟರಿಗೂ ಸಾಕಾಗುತ್ತದೆ. ಬೇಕರಿ ಯೀಸ್ಟಿನಿಂದಲೂ ಆಗುತ್ತದೆ. ಆದರೆ ಅದು ಬೇಗ ಸೋಲುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಬಾಟಲಿ ಅಲುಗಿಸಿದರೆ ಮತ್ತೆ ಎದ್ದು ಬರುತ್ತದೆ.

ಮೊದಲ ನಾಲ್ಕೈದು ದಿನ ಬಕೆಟ್ಟಿನಲ್ಲಿ, ಮೇಲೆ ಬಟ್ಟೆ ಕಟ್ಟಿ. ಆಮೇಲೆ ನೀರಿನ ಕ್ಯಾನಿಗೆ. ಮುಚ್ಚಳಕ್ಕೆ ತೂತು ಕೊರೆದು, ಮೆಡಿಕಲ್ ಶಾಪಿನಿಂದ ತಂದ ಹೊಸ ಗ್ಲೂಕೋಸ್ ಪೈಪ್ ತೂರಿಸಿ, ಸಂದಿಗೆ ಮೇಣ ಮೆತ್ತಿ, ಪೈಪಿನ ಇನ್ನೊಂದು ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿಡುತ್ತೇನೆ. ಒಳಗಿನ ಅನಿಲ ಬುಳುಕ್ ಬುಳುಕ್ ಎಂದು ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ನಮ್ಮಲ್ಲಿ ತಂಪಾದ್ದರಿಂದ ಬಯಲುಸೀಮೆಯಲ್ಲಿ ಒಂದು ವಾರಕ್ಕೆ ಮುಗಿಯುವುದು ಇಲ್ಲಿ ಮೂರು ನಾಲ್ಕು ವಾರ. ಅದು ಒಳ್ಳೆಯದೇ, ನಿಧಾನಕ್ಕೆ ಹುದುಗಿದರೆ ಹಣ್ಣಿನ ಪರಿಮಳ ಉಳಿಯುತ್ತದೆ. ಮುಗಿಯಿತೋ ಇಲ್ಲವೋ ಎಂಬುದನ್ನು ದಿನದ ಲೆಕ್ಕದಿಂದಲೂ ಗುಳ್ಳೆಯ ಲೆಕ್ಕದಿಂದಲೂ ಹೇಳುವುದನ್ನು ಬಿಟ್ಟಿದ್ದೇನೆ. ವಾರದ ಅಂತರದಲ್ಲಿ ಎರಡು ಸಲ ಅಳೆದರೂ ಕೋಲು 1.000ದ ಕೆಳಗೆ ಅದೇ ಗೆರೆಯಲ್ಲಿ ನಿಲ್ಲಬೇಕು. ಆ ಮೇಲೆ ತಳದ ಗಸಿ ಕದಡದಂತೆ ಪೈಪಿನಿಂದ ಎಳೆದು ಬೇರೆ ಕ್ಯಾನಿಗೆ, ಎರಡು ತಿಂಗಳು ಬಿಟ್ಟು ಮತ್ತೊಮ್ಮೆ. ಎರಡನೇ ಸಲ ಎಳೆಯುವ ಹೊತ್ತಿಗೆ ಸರಿಯಾಗಿ ಕಾಫಿ ಕೊಯ್ಲು. ಆಳುಗಳಿಗೆ ಚಹಾ, ಕಣದಲ್ಲಿ ಕಾಫಿ ಹರಡುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದೆಸುವುದು. ವೈನ್ ನೆನಪಾಗುವುದು ರಾತ್ರಿ ಹತ್ತು ಗಂಟೆಗೆ. ಬಾಟಲಿ ತೊಳೆಯುವುದು ಯಜಮಾನರ ಪಾಲು. ಹಳೆಯ ರಮ್ ಬಾಟಲಿಗಳ ಚೀಟಿಯನ್ನು ಸೋಡಾ ಪುಡಿಯ ನೀರಿನಲ್ಲಿ ನೆನೆಸಿ ಕೀಳುತ್ತಾ, "ತುಂಬಿದ್ದನ್ನು ಖಾಲಿ ಮಾಡುವ ಕೆಲಸ ಆದರೆ ಹೇಳು" ಅನ್ನುತ್ತಾರೆ.

ಕೆಟ್ಟದ್ದೂ ಇದೆ. ಒಂದು ಮಳೆಗಾಲ ಮನೆಯ ಬೆಲ್ಟು, ಚಪ್ಪಲಿ, ಮರದ ಸೌಟು ಎಲ್ಲಕ್ಕೂ ಬೂಷ್ಟು. ನೆಲ್ಲಿಕಾಯಿ ಭರಣಿಯ ಬಟ್ಟೆ ಸ್ವಲ್ಪ ಸರಿದಿತ್ತು, ಹಣ್ಣಿನ ನೊಣ ಒಳಗೆ ಹೋಗಿತ್ತು. ವಾರ ಕಳೆಯುವಷ್ಟರಲ್ಲಿ ಹತ್ತು ಲೀಟರ್ ಪೂರ್ತಿ ವಿನೆಗರ್. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ವಾಸನೆ. ಅತ್ತೆ ಬೈಯಲಿಲ್ಲ. "ಪಂದಿ ಕರಿಗೆ ಮನೆಯಲ್ಲಿ ಕಾಚಂಪುಳಿ ಇದೆಯಲ್ಲ, ಇಷ್ಟು ಹುಳಿ ಯಾವುದಕ್ಕೆ ಹಾಕುವುದು?" ಎಂದು ಮಾತ್ರ ಕೇಳಿದರು (ಪಂದಿ ಕರಿ ಅಂದರೆ ನಮ್ಮ ಹಂದಿ ಮಾಂಸದ ಅಡುಗೆ, ಕಾಚಂಪುಳಿ ಅದಕ್ಕೆ ಹಾಕುವ ಕಪ್ಪು ಹುಳಿ). ಬೈದಿದ್ದರೇ ವಾಸಿಯಿತ್ತು. ಕಿತ್ತಳೆಯಲ್ಲಿ ಎರಡು ಸಲ ಸೋತಿದ್ದೇನೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ಕೊಡಗಿನ ಕಿತ್ತಳೆ ತಿನ್ನಲು ಎಷ್ಟು ಚೆಂದವೋ ಹುದುಗಿಸಲು ಅಷ್ಟೇ ತಕರಾರು. ಸಿಪ್ಪೆಯ ಒಳಗಿನ ಬಿಳಿ ಸ್ವಲ್ಪ ಸೇರಿದರೂ, ಬೀಜ ಸ್ವಲ್ಪ ಜಜ್ಜಿದರೂ ತಿಂಗಳು ಕಳೆದ ಮೇಲೆ ಕಹಿ ತಲೆ ಎತ್ತುತ್ತದೆ, ಅದುವರೆಗೆ ಸುಳಿವೇ ಕೊಡುವುದಿಲ್ಲ. ಅದೂ ಅಲ್ಲದೆ ಕಿತ್ತಳೆ ಮರಗಳೇ ಎಷ್ಟು ಉಳಿದಿವೆ? ಮಾವನ ಕಾಲದಲ್ಲಿ ಕಾಫಿ ತೋಟದ ತುಂಬ ಇದ್ದ ಮರಗಳು ಗ್ರೀನಿಂಗ್ ರೋಗಕ್ಕೆ ಒಂದೊಂದಾಗಿ ಒಣಗಿದವು. ಈಗ ನಮ್ಮಲ್ಲಿರುವುದು ಆರು. ಅದರ ಹಣ್ಣನ್ನು ಭರಣಿಗೆ ಹಾಕಲು ಮಕ್ಕಳು ಬಿಡುವುದಿಲ್ಲ.

ದ್ರಾಕ್ಷಿ ವೈನ್ ನಾನು ಮಾಡುವುದೇ ಬಿಟ್ಟೆ. ಮಡಿಕೇರಿಯ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಮೇಲೆ ಮಳೆ. ಇಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರೆ ಹಣ್ಣಿಗಿಂತ ಮೊದಲು ಬೂಷ್ಟು ರೋಗ ಬರುತ್ತದೆ. ಇಲ್ಲಿಯ ಮನೆಗಳಲ್ಲಿ ದ್ರಾಕ್ಷಿ ವೈನ್ ಆಗುವುದು ಹೆಚ್ಚಾಗಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯಿಂದ ಬರುವ ಬೆಂಗಳೂರು ಬ್ಲೂ ಹಣ್ಣಿನಿಂದ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಅದಕ್ಕೆಂದೇ ಒಂದು ಮಂಡಳಿಯನ್ನೂ ಮಾಡಿದಾಗ ಕಣ್ಣಿಟ್ಟದ್ದು ನಂದಿ ಕಣಿವೆ, ಕೃಷ್ಣಾ ಕಣಿವೆಯ ದ್ರಾಕ್ಷಿ ಬೆಳೆಗಾರರ ಮೇಲೆ. ಅದು ಸರಿಯೇ. ನಮ್ಮಂಥ ನೆಲ್ಲಿಕಾಯಿ, ಪ್ಯಾಶನ್ ಫ್ರೂಟಿನವರು ಆ ಮಾತಿನಲ್ಲಿ ಇರಲಿಲ್ಲ.

"ಇಷ್ಟು ಮಾಡುತ್ತೀರಿ, ಮಾರಬಾರದೇಕೆ?" ಎಂದು ಕೇಳದ ನೆಂಟರಿಲ್ಲ. ಹೋಂಸ್ಟೇ ನಡೆಸುವವರೊಬ್ಬರು ತಿಂಗಳಿಗೆ ಐವತ್ತು ಬಾಟಲಿ ಬೇಕೆಂದು ಮುಂಗಡ ಹಿಡಿದುಕೊಂಡೇ ಬಂದಿದ್ದರು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ವೈನ್ ಮಾರುವಂತಿಲ್ಲ, ಚೀಟಿಯ ಮೇಲೆ "ಹೋಂ ಮೇಡ್" ಎಂದು ಬರೆದ ಮಾತ್ರಕ್ಕೆ ಅದೇನೂ ಬದಲಾಗುವುದಿಲ್ಲ. ನಾನು ಮುಂಗಡ ವಾಪಸು ಕಳಿಸಿದ್ದಕ್ಕೆ ಕಾನೂನಿನ ಭಯ ಅರ್ಧ ಕಾರಣ. ಇನ್ನರ್ಧ ಆ ಏಪ್ರಿಲ್ ಮಧ್ಯಾಹ್ನ. ನಾದಿನಿಯ ಕಪಾಟಿನಲ್ಲಿ ಸಿಡಿದದ್ದಕ್ಕೆ ನಗುತ್ತೇವೆ, ಯಾರದೋ ಮಗು ಮಲಗಿದ ಕೋಣೆಯಲ್ಲಿ ಸಿಡಿದಿದ್ದರೆ? ದೊಡ್ಡಬಳ್ಳಾಪುರದ ಆಕೆ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಎಷ್ಟು ದಪ್ಪ ಇತ್ತೆಂದು ನಾನು ಕಣ್ಣಾರೆ ನೋಡಿದ್ದೇನೆ. ಆ ಪುಸ್ತಕ ಬರೆಯುವ ತಾಳ್ಮೆ ಬಂದ ದಿನ ಮಾರಾಟದ ಮಾತು.

ಸಿಹಿ ಇಲ್ಲದ ಮೊದಲ ಬಾಟಲಿಯನ್ನು ಮನೆಯಲ್ಲಿ ತೆರೆದದ್ದು ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ. ಕದಿರು ತಂದು ಕಟ್ಟಿ, ಊಟಕ್ಕೆ ಕೂತಿದ್ದೆವು. ಒಬ್ಬೊಬ್ಬರದೂ ಮುಖ ನೋಡಬೇಕಿತ್ತು. ಮೈದುನ ಗುಟುಕು ನುಂಗಿ ನೀರು ಕೇಳಿದ. ನಾದಿನಿ "ಸಿಡಿಯುವುದಿಲ್ಲ ತಾನೆ?" ಎಂದು ಲೋಟವನ್ನು ಕೈಯಳತೆಯಲ್ಲಿ ಹಿಡಿದಳು. ಸೈನ್ಯದಿಂದ ನಿವೃತ್ತರಾದ ದೊಡ್ಡಪ್ಪ ಒಬ್ಬರೇ ಇನ್ನೊಂದು ಲೋಟ ಹಾಕಿಸಿಕೊಂಡರು. ಅವರು ಏನನ್ನೂ ಹೊಗಳಿದವರಲ್ಲ. "ಹಣ್ಣಿನ ವಾಸನೆ ಬರ್ತದೆ" ಎಂದಷ್ಟೇ ಹೇಳಿದರು. ಆ ಬಾಟಲಿಗಳನ್ನೇ ಆರು ತಿಂಗಳು ಕತ್ತಲೆ ಕೋಣೆಯಲ್ಲಿಟ್ಟು ತೆರೆದಾಗ ಹುಳಿಯ ಮೊನಚು ಇಳಿದಿತ್ತು. ದೊಡ್ಡಬಳ್ಳಾಪುರಕ್ಕೆ ಒಂದು ಕಳಿಸಿದೆ. "ಈಗ ಮಾತಾಡಬಹುದು" ಎಂದು ಉತ್ತರ ಬಂತು. ಜೊತೆಗೇ ನಾಲ್ಕು ತಪ್ಪು ತೋರಿಸಿದ್ದರು.

ಈಗ ಮನೆಯಲ್ಲಿ ಒಂದು ರಾಜಿ ಆಗಿದೆ. ವೈನ್ ಪೂರ್ತಿ ಹುದುಗಿ ಮುಗಿದೇ ಬಾಟಲಿಗೆ ಹೋಗಬೇಕು. ಸಿಹಿ ಬೇಕಾದವರು ಲೋಟಕ್ಕೆ ಒಂದು ಚಮಚ ಜೇನು ಹಾಕಿ ಕಲಸಿಕೊಳ್ಳಬೇಕು. ಅತ್ತೆ ಎರಡು ಚಮಚ ಹಾಕಿಕೊಳ್ಳುತ್ತಾರೆ, ನಾನು ಬೇರೆ ಕಡೆ ನೋಡುತ್ತೇನೆ. ಆದರೆ ಶುಂಠಿಯ ಆ ಹಳೆಯ ಭರಣಿಯ ಹತ್ತಿರ ಮಾತ್ರ ನನ್ನ ಕೋಲು ಸುಳಿಯುವ ಹಾಗಿಲ್ಲ. ಅದು ಇಂದಿಗೂ ಸರಿಸಮ ಸಕ್ಕರೆಯದೇ. ಗುರುಹಿರಿಯರಿಗೆ ಎಡೆ ಇಡುವಾಗ ನನ್ನ ಬಾಟಲಿ ಎತ್ತಿಕೊಂಡು ಹೋದರೆ ಅತ್ತೆ ಅಡ್ಡ ಬರುತ್ತಾರೆ: "ಬದುಕಿರುವವರಿಗೆ ನಿನ್ನ ಹುಳಿ ಕುಡಿಸು. ಅವರಿಗೆ ಬೇಡ, ಅವರು ಸಿಹಿ ಕುಡಿದೇ ಅಭ್ಯಾಸ."