ಆಲೂಗೆಡ್ಡೆ ಗೋದಾಮಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ

ಹಾಸನದಲ್ಲಿ ಅಪ್ಪನ ಹಳೆಯ ಗೋದಾಮನ್ನು ಹುಡುಗ ಹುಡುಗಿಯರು ಸಂಜೆ ಕೂತು ಓದುವ, ಆಡುವ, ಮಾತಾಡುವ ಜಾಗವಾಗಿ ನಡೆಸುತ್ತಿದ್ದೇನೆ. ನಿನ್ನೆ ರಾತ್ರಿ ಎಂಟೂವರೆಗೆ ಅಲ್ಲಿ ಎಣಿಸಿದೆ. 58 ಜನ, ಅವರಲ್ಲಿ 31 ಹೆಣ್ಣುಮಕ್ಕಳು. ಏಳು ಗಂಟೆಯಾದ ಮೇಲೆ ಹಾಸನದಲ್ಲಿ ಹೆಣ್ಣುಮಕ್ಕಳು ಹೊರಗೆ ಕೂರುವುದಿಲ್ಲ, ಇದು ಬೆಂಗಳೂರಲ್ಲ ಎಂದು ನಾಲ್ಕು ವರ್ಷದ ಹಿಂದೆ ನನ್ನ ತಮ್ಮನಿಂದ ಹಿಡಿದು ಪಕ್ಕದ ಗಿರಣಿಯವರವರೆಗೆ ಎಲ್ಲರೂ ಬುದ್ಧಿ ಹೇಳಿದ್ದರು. ಈಗ ಚನ್ನರಾಯಪಟ್ಟಣದಿಂದ, ಅರಸೀಕೆರೆಯಿಂದ ಜನ ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಓದುಕೋಣೆ, ಪಿಜಿ, ಟ್ಯೂಷನ್ ನಡೆಸುವವರಿಗೆ ಮೇಜು ಕುರ್ಚಿಯ ಲೆಕ್ಕ ನಾನು ಹೇಳಬೇಕಾಗಿಲ್ಲ. ಎಲ್ಲೆಲ್ಲಿ ಕೈ ಸುಟ್ಟುಕೊಂಡೆ, ಎಷ್ಟು ಹೋಯಿತು ಎಂಬುದನ್ನೇ ಬರೆಯುತ್ತೇನೆ.

ಸಾಲಗಾಮೆ ರಸ್ತೆಯ ಕಡೆ ಹದಿನಾರು ವರ್ಷದಿಂದ ಹೆಣ್ಣುಮಕ್ಕಳ ಪಿಜಿ ನಡೆಸುತ್ತಿದ್ದೇನೆ. ಇಂಜಿನಿಯರಿಂಗ್ ಓದುವವರು, ನರ್ಸಿಂಗ್‌ನವರು, ಗಾರ್ಮೆಂಟ್ಸ್‌ಗೆ ಹೋಗುವವರು, ಎಫ್‌ಡಿಎ, ಪಿಡಿಒದಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂತ ಅರಕಲಗೂಡು, ಆಲೂರಿನ ಮಕ್ಕಳು. ಕೊಠಡಿ ಖಾಲಿ ಮಾಡುವಾಗ ಊರು ಯಾಕೆ ಬಿಡುತ್ತೀರಿ ಎಂದು ಕೇಳುತ್ತಿದ್ದೆ. ಕೆಲಸವಿಲ್ಲ ಎಂದವರಿಗಿಂತ, "ಇಲ್ಲಿ ಸಂಜೆ ಏನು ಮಾಡುವುದು ಅಕ್ಕಾ" ಎಂದವರೇ ಹೆಚ್ಚು. ಮಹಾರಾಜ ಪಾರ್ಕಿನಲ್ಲಿ ಕತ್ತಲಾಗುವವರೆಗೆ ಕೂರಬಹುದು. ಹೋಟೆಲಿನಲ್ಲಿ ಒಂದು ಕಾಫಿಗೆ ಎಷ್ಟು ಹೊತ್ತು ಕೂರಲು ಸಾಧ್ಯ? 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಮಾರ್ಗ ತೆರೆದ ಮೇಲೆ ಹೋಗುವುದು ಇನ್ನೂ ಸಲೀಸಾಯಿತು. ಶನಿವಾರ ಊರಿಗೆ ಬಂದವರು ಭಾನುವಾರ ಸಂಜೆಗೇ ಗಾಡಿ ಹತ್ತುತ್ತಾರೆ.

ಅಪ್ಪ ಬಿತ್ತನೆ ಆಲೂಗೆಡ್ಡೆ ವ್ಯಾಪಾರ ಮಾಡುತ್ತಿದ್ದ ಗೋದಾಮು ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗಿದೆ. 40 ಅಡಿಗೆ 60 ಅಡಿ, ಮೇಲೆ ತಗಡು. ತಮ್ಮ ಅದನ್ನು ಟೈರ್ ದಾಸ್ತಾನಿಗೆ ಕೊಡೋಣ ಎಂದಿದ್ದ. ತಿಂಗಳಿಗೆ 28,000 ರೂಪಾಯಿ ಬರುತ್ತಿತ್ತು. ಅವನ ಪಾಲಿನ 14,000ವನ್ನು ನಾನೇ ಕೊಡುತ್ತೇನೆಂದು ಒಪ್ಪಿಸಿದೆ. ಮೊದಲ ಒಂದೂವರೆ ವರ್ಷ ಅದು ಪಿಜಿಯ ಹಣದಿಂದಲೇ ಹೋಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಪ್ರವೇಶ ಉಚಿತವಿಟ್ಟೆ. ಉದ್ಘಾಟನೆಗೆ ನೂರಕ್ಕೂ ಹೆಚ್ಚು ಜನ ಬಂದರು, ಮೂರನೇ ತಿಂಗಳಿಗೆ ಆರೇಳು. ಉಚಿತವಿದ್ದಲ್ಲಿ ಯಾರೂ ಯಾರನ್ನೂ ಸುಮ್ಮನಿರು ಎನ್ನುವುದಿಲ್ಲ. ನಾಲ್ಕು ಹುಡುಗರು ಮೊಬೈಲಿನಲ್ಲಿ ಕ್ರಿಕೆಟ್ ಜೋರಾಗಿ ಹಾಕಿ ಕುಳಿತರೆ ಹುಡುಗಿಯರು ಎದ್ದು ಹೋಗುತ್ತಿದ್ದರು. ಗೋಡೆಗೆ ಬಿಳಿ ಬಳಿದು ಅಂಗಳದಲ್ಲಿ ಸಿನಿಮಾ ತೋರಿಸಿದೆ. ಎರಡನೇ ವಾರ ಮಳೆ, ಮೂರನೇ ವಾರ ಅಕ್ಕಪಕ್ಕದವರ ದೂರು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಅವರು ಹೇಳಿದ್ದು ನ್ಯಾಯವೇ. ಪ್ರೊಜೆಕ್ಟರ್ ಬಾಡಿಗೆಗೆಂದೇ 9,000 ಹೋಯಿತು. ಆ ವರ್ಷ ಒಟ್ಟು ಎರಡೂವರೆ ಲಕ್ಷ ಕರಗಿತು.

ಹಿಂದಿನ ಖಾಲಿ ನಿವೇಶನವನ್ನು ಅದರ ಮಾಲೀಕರಿಂದ ಕೇಳಿ ಪಡೆದು, ಪಾರ್ಥೇನಿಯಂ ಕೀಳಿಸಿ ಷಟಲ್ ಅಂಕಣವನ್ನೂ ಮಾಡಿಸಿದೆ. ಮಣ್ಣು, ಕಂಬ, ದೀಪ ಸೇರಿ 35,000. ಆಷಾಢದ ಗಾಳಿಯನ್ನು ಹಾಸನದಲ್ಲಿ ಹುಟ್ಟಿದ ನಾನೇ ಮರೆತಿದ್ದೆ. ಹೊಡೆದ ಷಟಲ್ ಹೊಡೆದವರ ಹಿಂದೆಯೇ ಬೀಳುತ್ತಿತ್ತು. ಆಗ ನಾವು ಶಾಲೆಯಲ್ಲಿ ಆಡುತ್ತಿದ್ದ ಬಾಲ್ ಬ್ಯಾಡ್ಮಿಂಟನ್ ನೆನಪಾಯಿತು. ಉಣ್ಣೆಯ ಚೆಂಡು ಷಟಲ್‌ಗಿಂತ ಹಲವು ಪಟ್ಟು ತೂಕ, ಗಾಳಿಗೆ ಜಗ್ಗುವುದಿಲ್ಲ; ಒಂದು ಕಡೆ ಐವರು ಆಡಬಹುದಾದ್ದರಿಂದ ಕಾಯುವವರೂ ಕಡಿಮೆ. ಇಪ್ಪತ್ತು ವರ್ಷದ ಮಕ್ಕಳು ಮೊದಲ ಬಾರಿ ಆ ಹಳದಿ ಚೆಂಡನ್ನು ಹಿಡಿದು ಆಡುವುದನ್ನು ನೋಡಿದ್ದು ನನಗೆ ದೊಡ್ಡ ಸಂತೋಷ. ಆದರೆ ಸೋನೆ ಹಿಡಿದರೆ ಉಣ್ಣೆ ನೀರು ಕುಡಿದು ಕಲ್ಲಾಗುತ್ತದೆ. ಮರುವರ್ಷ ನಿವೇಶನ ಮಾರಾಟವಾಯಿತು. ಕಂಬಗಳು ಇನ್ನೂ ನಮ್ಮ ಅಟ್ಟದಲ್ಲಿವೆ, ಜಾಗ ಸಿಕ್ಕಿದ ದಿನ ನೆಡುತ್ತೇನೆ.

ಮುಚ್ಚುವ ಮಾತು ಬಂದಾಗ ಎರಡು ವಾರ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕುಳಿತೆ. ಹೊರಡುವ ಪ್ರತಿ ಹುಡುಗಿಯನ್ನೂ ಎರಡೇ ಮಾತು ಕೇಳಿದೆ: ಈಗಲೇ ಯಾಕೆ ಹೊರಟೆ, ಹೇಗೆ ಹೋಗುತ್ತೀಯ? ಎಂಟರ ಮೇಲೆ ಆಟೊದವರು 120, 150 ಕೇಳುತ್ತಾರೆ. ಪಿಜಿ ಗೇಟು ಎಂಟೂವರೆಗೆ ಹಾಕುತ್ತಾರೆ. ಏಳೂಕಾಲಿಗೆ ಅಪ್ಪನ ಫೋನು ಬರುತ್ತದೆ. ಮೂವತ್ತು ಮಂದಿಯೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು. ಕುರ್ಚಿಗೆ, ಫ್ಯಾನಿಗೆ, ಇಂಟರ್ನೆಟ್‌ಗೆ ಸುರಿದ ಹಣದಲ್ಲಿ ಒಂದು ರೂಪಾಯಿಯೂ ಇದಕ್ಕೆ ತಾಗಿರಲಿಲ್ಲ.

ಮರುದಿನವೇ ನಮ್ಮ ಪಿಜಿಯ ಗೇಟನ್ನು ಹತ್ತು ಗಂಟೆಗೆ ಮುಂದೂಡಿದೆ. ಗುರುತಿನ ಮೂವರು ಆಟೊ ಚಾಲಕರನ್ನು ಕರೆದು, ರಾತ್ರಿ 9.30ಕ್ಕೆ ಇಲ್ಲಿಂದ ಮೂರು ದಿಕ್ಕಿಗೆ ಒಂದೊಂದು ಗಾಡಿ, ತಲೆಗೆ 20 ರೂಪಾಯಿ ಎಂದು ಗೊತ್ತುಮಾಡಿದೆ. ಗಾಡಿ ತುಂಬದಿದ್ದರೆ ಉಳಿದದ್ದನ್ನು ನಾನು ಕೊಡುತ್ತೇನೆ. ಒಂಬತ್ತಕ್ಕೆ ಮೊದಲೂ ಒಂದು ಸುತ್ತು ಉಂಟು. ಹುಡುಗಿ ಇಳಿದ ಮೇಲೆ ಮನೆಯವರಿಗೆ ಸಂದೇಶ ಹೋಗುತ್ತದೆ. ಚಾಲಕರ ಹಣದ ಲೆಕ್ಕವನ್ನು ಜಗಳವಿಲ್ಲದೆ ಹೇಗೆ ಇಡುತ್ತೇವೆ, ಬೇರೆ ಹನ್ನೊಂದು ಪಿಜಿಯವರು ಗೇಟಿನ ಸಮಯ ಬದಲಿಸಲು ಯಾವ ಮಾತಿಗೆ ಒಪ್ಪಿದರು ಎಂಬ ಎರಡು ಸಂಗತಿಯನ್ನು ಇಲ್ಲಿ ಬರೆಯುವುದಿಲ್ಲ. ಗೋದಾಮಿಗೆ ಬಂದು ಒಂದು ಸಂಜೆ ಕುಳಿತವರಿಗೆ ಖಂಡಿತ ತೋರಿಸುತ್ತೇನೆ.

ಅದರ ಜೊತೆಗೇ ಶುಲ್ಕ ಇಟ್ಟೆ: ಸಂಜೆಗೆ 20, ತಿಂಗಳಿಗೆ 400. ಮುಂಭಾಗದಲ್ಲಿ ಕೇರಂ, ಚದುರಂಗ, ಟೀ, ಮಾತು. ಹಿಂಭಾಗದಲ್ಲಿ ಓದು, ಅಲ್ಲಿ ಪಿಸುಮಾತೂ ಇಲ್ಲ. ನಡುವೆ ಅಪ್ಪನ ಬಿತ್ತನೆ ಅಟ್ಟಣಿಗೆಗಳನ್ನೇ ಗೋಡೆಯಂತೆ ನಿಲ್ಲಿಸಿದ್ದೇವೆ. ಮಳೆ ಬಂದರೆ ತಗಡಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ತಗಡಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಲು ಒಂದು ಲಕ್ಷ ಹತ್ತು ಸಾವಿರ ಹೇಳಿದರು. ಕಾಫಿ ಸಂಸ್ಕರಣಾ ಘಟಕದವರು ಹೊರಹಾಕಿದ ಗೋಣಿಚೀಲಗಳನ್ನು ತಂದು, ತೊಳೆದು ಒಣಗಿಸಿ, ಹೊಲಿದು ಎರಡು ಪದರವಾಗಿ ತಗಡಿಗೂ ಗೋಣಿಗೂ ನಡುವೆ ಒಂದು ಗೇಣು ಬಿಟ್ಟು ಕಟ್ಟಿದೆವು. 13,000ದಲ್ಲಿ ಮುಗಿಯಿತು. ಮೊದಲ ಪ್ರಯತ್ನದಲ್ಲಿ ಅಂತರ ಬಿಡದೆ ಕಟ್ಟಿ, ಸೋರಿದ ನೀರಿಗೆ ಎಲ್ಲ ಬೂಷ್ಟು ಹಿಡಿದಿತ್ತು. ಕಿಡಿ ತಗಲಬಾರದೆಂದು ಆ ಭಾಗದ ವೈರಿಂಗನ್ನೆಲ್ಲ ಗೋಡೆಗೆ ಇಳಿಸಿದ್ದೇನೆ, ನೀವೂ ಇದನ್ನು ಬಿಡಬೇಡಿ.

ಈಗ ತಿಂಗಳ ಕಾರ್ಡಿನವರು 110ರ ಆಸುಪಾಸು. ದಿನದ 20 ರೂಪಾಯಿಗಳಿಂದ 9,000, ಟೀ ಅಂಗಡಿಯವರಿಂದ 3,000, ಎಲ್ಲ ಸೇರಿ 56,000 ಬರುತ್ತದೆ. ತಮ್ಮನ ಪಾಲು 14,000, ಸರದಿಯಲ್ಲಿ ಬಾಗಿಲು ನೋಡಿಕೊಳ್ಳುವ ಇಬ್ಬರು ವಿದ್ಯಾರ್ಥಿಗಳಿಗೆ ತಲಾ 6,000, ಆಟೊಗೆ ತುಂಬಿಕೊಡುವುದು 5,000, ವಿದ್ಯುತ್ತು, ಗುಡಿಸುವುದು, ಇಂಟರ್ನೆಟ್ ಎಲ್ಲ ಕಳೆದು 15,000 ಉಳಿಯುತ್ತದೆ. ಟೈರಿನವರಿಗೆ ಕೊಟ್ಟಿದ್ದರೆ ನನಗೆ ಬರುತ್ತಿದ್ದುದಕ್ಕಿಂತ ಒಂದು ಸಾವಿರ ಹೆಚ್ಚೇ. ತಮ್ಮ ಈಗ ತನ್ನ ಮಗಳಿಗೂ ಕಾರ್ಡು ಮಾಡಿಸಿದ್ದಾನೆ.

ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ನಮ್ಮ ವ್ಯವಸ್ಥೆ ನಡೆಯುವುದಿಲ್ಲ. ಜನಸಂದಣಿಯಲ್ಲಿ ಹೇಳಿದ ಹೊತ್ತಿಗೆ ಆಟೊ ಬಾಗಿಲಿಗೆ ಬರಲಾಗದು, ಆದ್ದರಿಂದ ಏಳಕ್ಕೇ ಮುಚ್ಚುತ್ತೇವೆ. ಆಟೊ ಇಲ್ಲದ ರಾತ್ರಿ ತೆರೆದಿಡುವುದಿಲ್ಲ ಎಂಬ ನಿಯಮವನ್ನು ಒಂದು ದಿನವೂ ಮುರಿದಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಸಂಜೆಯ ಪಾಳಿ ಮಾಡುವ ಹೆಣ್ಣುಮಕ್ಕಳು ಇನ್ನೂ ನಮಗೆ ಸಿಕ್ಕಿಲ್ಲ. ಅವರಿಗಾಗಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ತೆರೆದು ನೋಡುತ್ತಿದ್ದೇನೆ. ಕಳೆದ ವಾರ ಒಂಬತ್ತು ಜನ ಬಂದರು. ಒಬ್ಬಳು ಹಿಂದಿನ ಮೇಜಿನ ಮೇಲೆ ತಲೆಯಿಟ್ಟವಳು ಹನ್ನೊಂದರವರೆಗೆ ಮಲಗಿಬಿಟ್ಟಳು. ಬಾಗಿಲು ನೋಡಿಕೊಳ್ಳುವ ಹುಡುಗ ಎಬ್ಬಿಸಲು ಹೊರಟಿದ್ದ. ಫ್ಯಾನು ಆ ಕಡೆ ತಿರುಗಿಸು ಎಂದೆ.