ಎರಡನೇ ಗೇರಿನ ಕರಕರ ನಿಲ್ಲಿಸಿದ್ದು ಹೀಗೆ

ನನ್ನ ಹಳೇ ಕಾರಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದಾಗಲೆಲ್ಲ ಕರಕರ ಸದ್ದು ಬರುತ್ತಿತ್ತು. ನೋಡಿದವರೆಲ್ಲ ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರು. ನಾನು ಮೊದಲು ಕ್ಲಚ್ ನೋಡಿದೆ.

ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಎಂಜಿನ್ ಐಡಲ್‌ನಲ್ಲಿರಲಿ. ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಹಳೇ ಕಾರುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೊ (ಗೇರ್ ಬೀಳುವ ಮುನ್ನ ತಿರುಗುವ ಭಾಗಗಳ ವೇಗ ಸರಿಹೊಂದಿಸುವ ವ್ಯವಸ್ಥೆ) ಇರುವುದಿಲ್ಲ. ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸದಿದ್ದರೆ ಸದ್ದಿನಿಂದ ಅಲ್ಲೇ ಗೊತ್ತಾಗುತ್ತದೆ. ನನ್ನದು ಕಿರುಚಿತು. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿದರೆ ಒಳಗೆಲ್ಲ ಒದ್ದೆ. ಸೀಲ್ ಬದಲಾಯಿಸಿ, ಲೈನಿನ ಗಾಳಿ ತೆಗೆದೆ. ರಿವರ್ಸ್ ಸದ್ದಿಲ್ಲದೆ ಬೀಳತೊಡಗಿತು. ಎರಡನೇ ಗೇರ್ ಮಾತ್ರ ಹಾಗೇ ಇತ್ತು.

ಆಮೇಲೆ ಡಬಲ್ ಕ್ಲಚ್ ಮಾಡಿ ನೋಡಿದೆ. ನ್ಯೂಟ್ರಲ್‌ಗೆ ತಂದು, ಪೆಡಲ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಎರಡಕ್ಕೆ. ಬೆಣ್ಣೆಯ ಹಾಗೆ ಬಿತ್ತು. ಅಂದರೆ ವೇಗ ಸರಿಹೊಂದಿಸಬೇಕಾದ ಸಿಂಕ್ರೊ ರಿಂಗ್ ಆ ಕೆಲಸ ಮಾಡುತ್ತಿಲ್ಲ, ಅಲ್ವಾ?

ಆಯಿಲ್ ಇಳಿಸಿದಾಗ ಅದೇ ಖಾತ್ರಿಯಾಯಿತು. ಎರಡು ಹನಿ ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದೆ. ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗಿತು. ಅದು ರಿಂಗಿನ ಹಿತ್ತಾಳೆ. ಡಿಕ್ಕಿಯಲ್ಲಿ ಹಿಂದಿನ ಮಾಲೀಕರು ಬಿಟ್ಟಿದ್ದ ಡಬ್ಬದ ಮೇಲೆ ಜಿಎಲ್-5 ಅಂತಿತ್ತು, ಅದು ಗೇರ್ ಆಯಿಲಿನ ದರ್ಜೆ. ಮ್ಯಾನುಯಲ್ ಕೇಳುವುದು ಜಿಎಲ್-4. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಎಷ್ಟೋ ಜಿಎಲ್-5 ಆಯಿಲ್‌ಗಳು ಹಿತ್ತಾಳೆ, ಕಂಚನ್ನು ನಿಧಾನವಾಗಿ ತಿನ್ನುತ್ತವೆ. ದಯವಿಟ್ಟು ಡಬ್ಬದ ಮೇಲಿನ ಈ ನಂಬರ್ ಓದದೆ ಆಯಿಲ್ ಸುರಿಯಬೇಡಿ. ಕೆಲವು ಹಳೇ ಗೇರ್‌ಬಾಕ್ಸ್‌ಗಳು ಎಂಜಿನ್ ಆಯಿಲ್ಲನ್ನೇ ಕೇಳುತ್ತವೆ.

ಸರಿಯಾದ ಆಯಿಲ್ ಹಾಕಿದೆ, ಗುಣ ಕಾಣಲಿಲ್ಲ. ಸವೆದ ಲೋಹ ಮತ್ತೆ ಬರುವುದಿಲ್ಲವಲ್ಲ. ಕೊನೆಗೆ ಬಾಕ್ಸ್ ಇಳಿಸಿದೆ.

ಹಳೇ ರಿಂಗನ್ನು ಗೇರಿನ ಕೋನ್ (ರಿಂಗ್ ಕೂರುವ ಇಳಿಜಾರು ಭಾಗ) ಮೇಲೆ ಒತ್ತಿ ತಿರುಗಿಸಿದರೆ ಸುಮ್ನೆ ಜಾರುತ್ತಿತ್ತು. ಒಳಗಿನ ಸಣ್ಣ ಗೆರೆಗಳು ನುಣ್ಣಗಾಗಿದ್ದವು. ರಿಂಗಿಗೂ ಗೇರಿನ ಹಲ್ಲಿಗೂ ನಡುವೆ 0.3 ಮಿ.ಮೀ. ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ಕೂಡ ಬಿಗಿ. ಹೊಸ ರಿಂಗ್ ಇಟ್ಟಾಗ 1 ಮಿ.ಮೀ. ಆರಾಮಾಗಿ ಹೋಯಿತು, ಒತ್ತಿ ತಿರುಗಿಸಿದರೆ ಕಚ್ಚಿಕೊಂಡಿತು. ಗೇರ್ ಆಯಿಲ್‌ನಲ್ಲಿ ಅದ್ದಿ ಕೂರಿಸಿದೆ. ಬಾಕ್ಸಿನೊಳಗಿನ ಇನ್ನೊಂದು ಗೇರ್ ದಂಡ ಲೇಶಾಫ್ಟ್, ಅದರ ಬೇರಿಂಗಿನ ಸೂಜಿಯಂಥ ಸಣ್ಣ ಕಡ್ಡಿಗಳೇ ಸಾಕುಸಾಕು ಮಾಡಿದವು. ಒಂದೊಂದನ್ನೂ ಗ್ರೀಸಿನಲ್ಲಿ ಅಂಟಿಸಿ ನಿಲ್ಲಿಸಬೇಕು. ಬಿಚ್ಚುವಾಗಲೇ ಎಣಿಸಿಟ್ಟಿದ್ದು ಒಳ್ಳೆಯದಾಯಿತು. ಜೋಡಿಸುವಾಗ ಒಂದು ಕಮ್ಮಿ ಬಂತು. ಹುಡುಕಿದರೆ ಟ್ರೇ ಅಂಚಿನ ಗ್ರೀಸಿಗೆ ಅಂಟಿಕೊಂಡಿತ್ತು.

ಮೊದಲ ಓಡಾಟದಲ್ಲಿ ಕಾಲು ತಾನಾಗೇ ಡಬಲ್ ಕ್ಲಚ್ ಮಾಡುತ್ತಿತ್ತು. ಒಂದು ತಿರುವಿನಲ್ಲಿ ಗಟ್ಟಿ ಮನಸ್ಸು ಮಾಡಿ ಒಂದೇ ಸಲ ಒತ್ತಿ ಎರಡಕ್ಕೆ ಎಳೆದೆ. ಸಣ್ಣಗೆ ಟಕ್ ಅಂತು, ಅಷ್ಟೇ.